ಯಾವ ಊರಿನ ಸೂರ್ಯ?

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಇಂದು ನಾವು ಹೆಚ್ಚಾಗಿ ಮರೆತಿರುವುದು ಯಾವುದೆಂದು ಯಾರಾದರೂ ಕೇಳಿದರೆ ದಿಗ್ವ್ರತವೆಂದು ಹೇಳಲು ನನಗೆ ಸಂಕೋಚವಿಲ್ಲ. ಅಹಿಂಸೆ, ಸತ್ಯ, ಅಚೌರ್ಯಗಳನ್ನು ಪಾಲಿಸಲಿ, ಬಿಡಲಿ, ಅವುಗಳ ಹೆಸರನ್ನಾದರೂ ನಮ್ಮ ಮನೆಗಳ ಮಕ್ಕಳು ಬಲ್ಲರು. ಆದರೆ ‘ಜೀವವಿರುವವರೆಗೆ ಪೂರ್ವಕ್ಕೆ ಇಲ್ಲಿಯವರೆಗೆ, ಪಶ್ಚಿಮಕ್ಕೆ ಇಲ್ಲಿಯವರೆಗೆ ಮಾತ್ರ ಹೋಗುವೆನು’ ಎಂದು ಮನುಷ್ಯನು ತನಗೆ ತಾನೇ ಗೆರೆ ಎಳೆದುಕೊಳ್ಳುವುದೂ ಒಂದು ವ್ರತವೆಂದರೆ ಅವರು ನಗುತ್ತಾರೆ. ನಗುವುದು ಸಹಜವೇ. ಒಬ್ಬ ಮಗ ಬೆಂಗಳೂರಿನಲ್ಲಿ, ಒಬ್ಬ ಮಗಳು ಸಾಗರದಾಚೆ, ಬೇಸಿಗೆ ಬಂದರೆ ವಿದೇಶಪ್ರವಾಸ ಎಂಬ ಮನೆಗಳು ಈಗ ನಮ್ಮಲ್ಲಿ ಕಡಿಮೆಯೇನಲ್ಲ.

ಈ ವ್ರತದ ಸ್ವರೂಪವನ್ನು ಮೊದಲು ಸ್ವಲ್ಪ ವಿಚಾರಿಸೋಣ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೆಸರಾದ ಸಮುದ್ರ, ನದಿ, ಅಡವಿ, ಬೆಟ್ಟ, ದೇಶಗಳನ್ನೂ ಯೋಜನದ ಲೆಕ್ಕವನ್ನೂ ದಿಕ್ಕುಗಳ ಎಲ್ಲೆಯಾಗಿ ಇರಿಸಿಕೊಳ್ಳಬಹುದೆಂದು ಹೇಳುತ್ತಾರೆ. ಆ ಎಲ್ಲೆಯ ಆಚೆಗಿನ ನೆಲದ ಮಟ್ಟಿಗೆ ಗೃಹಸ್ಥನ ಅಣುವ್ರತವೂ ಮಹಾವ್ರತದ ಯೋಗ್ಯತೆಯನ್ನು ಪಡೆಯುತ್ತದೆಂಬುದು ಅವರ ಅಭಿಪ್ರಾಯ. ಏಕೆಂದರೆ ಅಲ್ಲಿ ಅವನಿಂದ ಸ್ಥೂಲವಾದ ಪಾಪವೂ ಇಲ್ಲ, ಸೂಕ್ಷ್ಮವಾದ ಪಾಪವೂ ಇಲ್ಲ. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಗೃಹಸ್ಥನನ್ನು ಕಾದ ಕಬ್ಬಿಣದ ಗುಂಡಿಗೆ ಹೋಲಿಸಿದ್ದಾರೆ. ಕಾದ ಗುಂಡು ಕೆಟ್ಟದ್ದೆಂದು ಯಾರೂ ಹೇಳುವುದಿಲ್ಲ. ಅದು ಎಲ್ಲಿ ಉರುಳಿದರೂ ಮುಟ್ಟಿದ್ದನ್ನು ಸುಡುತ್ತದೆ, ಅಷ್ಟೆ. ಆದುದರಿಂದ ಅದು ಎಷ್ಟು ಕಡಿಮೆ ಉರುಳಿದರೆ ಅಷ್ಟು ಒಳಿತು.

ಹಾವೇರಿ ಜಿಲ್ಲೆಯವರಾದ ನಾವು ಈ ಸಂದರ್ಭದಲ್ಲಿ ಬಂಕಾಪುರವನ್ನು ನೆನೆಯದಿರಲಾಗದು. ಗಂಗರ ಮಾರಸಿಂಹನು ರಾಷ್ಟ್ರಕೂಟರ ಪಕ್ಷದಲ್ಲಿ ನಿಂತು ದಿಕ್ಕು ದಿಕ್ಕಿಗೂ ದಂಡೆತ್ತಿ ಹೋಗಿ ಗೆದ್ದ ವೀರ. ಅವನ ಗೆಲುವುಗಳ ಪಟ್ಟಿ ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನದಲ್ಲಿ ಉದ್ದಕ್ಕೂ ಇದೆ. ಅಂಥವನು ಕ್ರಿ.ಶ. 974ರ ಸುಮಾರಿಗೆ ರಾಜ್ಯವನ್ನು ತೊರೆದು ಬಂಕಾಪುರಕ್ಕೆ ಬಂದು, ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನವನ್ನು ಕೈಕೊಂಡು ದೇಹತ್ಯಾಗ ಮಾಡಿದನು. ದಿಗ್ವಿಜಯ ಮಾಡಿದವನಿಗೆ ಕೊನೆಗೆ ಒಂದು ಚಾಪೆಯಷ್ಟು ನೆಲ ಸಾಕಾಯಿತು. ಆ ಊರು ನಮ್ಮಿಂದ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ! ಸಿಂಗಪುರವನ್ನು ಕಂಡು ಬಂದ ನಮ್ಮವರಲ್ಲಿ ಬಂಕಾಪುರವನ್ನು ಕಾಣದವರು ಅನೇಕರಿದ್ದಾರೆ. ಬಹುಕಾಲ ನಾನೂ ಅವರಲ್ಲೊಬ್ಬನಾಗಿದ್ದೆ.

ನನ್ನ ತೀರ್ಥರೂಪರು ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ ಇಟ್ಟಿದ್ದರು. ಬ್ಯಾಡಗಿಯ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣಕ್ಕಾಗಿಯೇ ಅದು ದೂರದ ದೇಶಗಳಿಗೆ ಹೋಗುತ್ತದೆಂಬುದು ಈ ಭಾಗದ ಓದುಗರಿಗೆ ಹೇಳಬೇಕಾದ ಸಂಗತಿಯಲ್ಲ. ಅವರು ಐವತ್ತು ತುಂಬಿದ ವರ್ಷ ಚಾತುರ್ಮಾಸದಲ್ಲಿ ಮುನಿಮಹಾರಾಜರೊಬ್ಬರ ಸಮ್ಮುಖದಲ್ಲಿ ದಿಗ್ವ್ರತವನ್ನು ಸ್ವೀಕರಿಸಿದರು. ಪೂರ್ವಕ್ಕೆ ಸಮ್ಮೇದ ಶಿಖರಜಿ, ಪಶ್ಚಿಮಕ್ಕೆ ಗಿರನಾರ, ಉತ್ತರಕ್ಕೆ ಹಸ್ತಿನಾಪುರ, ದಕ್ಷಿಣಕ್ಕೆ ಪೊನ್ನೂರು ಬೆಟ್ಟ. ನಾಲ್ಕು ದಿಕ್ಕಿಗೂ ತೀರ್ಥಗಳನ್ನೇ ಎಲ್ಲೆಯಾಗಿ ಇರಿಸಿಕೊಂಡದ್ದು ಜಾಣತನವೆಂದು ಊರವರು ಮೆಚ್ಚಿದರು. ಆದರೆ ಮುಂದಿನ ವಾರ ಅವರು ಮಾಡಿದ್ದನ್ನು ಯಾರೂ ಮೆಚ್ಚಲಿಲ್ಲ. ನಮ್ಮಲ್ಲಿ ಮಾಲು ಹಿಡಿದು ಹಡಗಿನಲ್ಲಿ ಪರದೇಶಕ್ಕೆ ಕಳುಹಿಸುತ್ತಿದ್ದ ಮುಂಬಯಿಯ ವ್ಯಾಪಾರಿಯೊಬ್ಬರಿಗೆ, ಇನ್ನು ಮೇಲೆ ನಮ್ಮ ಅಂಗಡಿಯಿಂದ ಖರೀದಿಯಿಲ್ಲವೆಂದು ಕಾಗದ ಬರೆದುಬಿಟ್ಟರು. ಆಗ ನನಗೆ ಇಪ್ಪತ್ತೆರಡು ವರ್ಷ. ಗೆರೆ ಎಳೆದುಕೊಂಡವರು ನೀವು, ಮೆಣಸಿನಕಾಯಿಯಲ್ಲವಲ್ಲ ಎಂದು ನಾನು ಸಿಟ್ಟಿನಿಂದ ವಾದಿಸಿದೆ. ಅವರು ತಕ್ಕಡಿಯ ಹತ್ತಿರ ಕುಳಿತಿದ್ದವರು ತಲೆಯೆತ್ತದೆ, “ನಾ ಹೋಗಂಗಿಲ್ಲಂತ ಹೇಳಿ ನನ್ನ ಕೈ ಅಷ್ಟ ಕಳಿಸಿದ್ರ ಹೆಂಗೋ ತಮ್ಮಾ?” ಎಂದರು.

ಅವರ ಮಾತಿಗೆ ಆಧಾರವಿತ್ತೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಬಳಿಕ, ಸ್ವಾಧ್ಯಾಯಕ್ಕೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಓದಿದಾಗ. ಸ್ವಲ್ಪ ಕಾಲಕ್ಕೆ ಸಣ್ಣ ಎಲ್ಲೆಯನ್ನು ಇರಿಸಿಕೊಳ್ಳುವ ದೇಶವ್ರತಕ್ಕೆ ಅಲ್ಲಿ ಐದು ಅತಿಚಾರಗಳನ್ನು ಹೇಳಿದೆ. ಎಲ್ಲೆಯಾಚೆಯಿಂದ ವಸ್ತುವನ್ನು ತರಿಸಿಕೊಳ್ಳುವುದು, ಆಚೆಗೆ ಆಳನ್ನು ಕಳುಹಿಸುವುದು, ದನಿಯಿಂದ ಆಚೆಯವರಿಗೆ ಸೂಚನೆ ಕೊಡುವುದು, ರೂಪವನ್ನು ತೋರಿಸಿ ಸೂಚನೆ ಕೊಡುವುದು, ಏನನ್ನಾದರೂ ಎಸೆದು ಗಮನ ಸೆಳೆಯುವುದು. ಇವನ್ನು ಓದಿದಾಗ ಎರಡು ಸಾವಿರ ವರ್ಷಗಳ ಹಿಂದಿನವರಿಗೆ ನಮ್ಮ ಜೇಬಿನ ಫೋನು ಮೊದಲೇ ತಿಳಿದಿತ್ತೋ ಎನಿಸಿತು. ತಾನು ಮನೆಯಲ್ಲೇ ಕುಳಿತು ದನಿಯನ್ನೂ ರೂಪವನ್ನೂ ಹಣವನ್ನೂ ಲೋಕವೆಲ್ಲ ಸುತ್ತಿಸುವವನು ಎಲ್ಲೆಯನ್ನು ಕಾಪಾಡಿದಂತಾಗುವುದಿಲ್ಲ. ತಂದೆಯವರು ತೀರಿಕೊಂಡ ಮರುವರ್ಷ ನಾನು ಆ ಮುಂಬಯಿ ಖಾತೆಯನ್ನು ಮತ್ತೆ ತೆರೆದೆನೆಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ. ದಿಗ್ವ್ರತವನ್ನು ನಾನು ತೆಗೆದುಕೊಳ್ಳಲಿಲ್ಲ.

ನಾನು ಪಾಲಿಸಿಕೊಂಡು ಬಂದದ್ದು ರಾತ್ರಿಭೋಜನ ತ್ಯಾಗವನ್ನು. ಮದುವೆಯಾದ ವರ್ಷ, ನನ್ನ ಸಹಧರ್ಮಿಣಿಯ ತವರಾದ ರಾಣೇಬೆನ್ನೂರಿನಲ್ಲಿ, ಆಕೆಯ ಜೊತೆಗೆ ನಿಯಮ ಸ್ವೀಕರಿಸಿದೆ. ನಲವತ್ತು ವರ್ಷ ಅದು ಮುರಿಯಲಿಲ್ಲ. ಸೋಮವಾರ, ಗುರುವಾರ ಟೆಂಡರಿನ ದಿನಗಳಲ್ಲಿ ಪೇಟೆಯ ಗದ್ದಲದ ನಡುವೆಯೂ ಐದೂವರೆಗೆ ಡಬ್ಬಿ ಬಿಚ್ಚುತ್ತಿದ್ದೆ. ಬೀಗರ ಮನೆಗಳಲ್ಲಿ ಇತರರಿಗಿಂತ ಮೊದಲು ನನಗೊಂದು ಎಲೆ ಹಾಕುತ್ತಿದ್ದರು. ಜೈನೇತರ ಮಿತ್ರರು ಕೂಡ ಹೊತ್ತು ಇಳಿಯುತ್ತಿದ್ದಂತೆ “ನಿಮ್ಮ ಊಟದ ಟೈಮ್ ಆತ್ರೀ” ಎಂದು ಎಬ್ಬಿಸಿ ಕಳುಹಿಸುತ್ತಿದ್ದರು. ಹಾವೇರಿಗೆ ಬಂದು ನೆಲೆಸಿದ ಮೇಲೂ ಇದು ಹಾಗೆಯೇ ನಡೆಯಿತು. ಓದುಗರು ಈ ಸಂಗತಿಯನ್ನು ನೆನಪಿನಲ್ಲಿ ಇರಿಸಿಕೊಳ್ಳಬೇಕೆಂದು ವಿನಂತಿ. ನನ್ನ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ.

2019ರ ಮೇ ತಿಂಗಳಿನಲ್ಲಿ ನಮ್ಮ ಮಗನು ತಾಯಿತಂದೆಯರು ಒಮ್ಮೆಯಾದರೂ ಹೊರದೇಶವನ್ನು ಕಾಣಲೆಂದು ಸಿಂಗಪುರಕ್ಕೆ ಐದು ದಿನಗಳ ಪ್ರವಾಸವನ್ನು ಗೊತ್ತುಮಾಡಿಕೊಟ್ಟನು. ತೀರ್ಥಯಾತ್ರೆಯನ್ನು ಬಿಟ್ಟರೆ ನಾವಿಬ್ಬರೂ ಬರಿದೆ ನೋಡುವುದಕ್ಕೆಂದು ಎಲ್ಲಿಗೂ ಹೋದವರಲ್ಲ. ಬೆಂಗಳೂರಿನ ರೈಲು ಬ್ಯಾಡಗಿ, ರಾಣೇಬೆನ್ನೂರುಗಳನ್ನು ದಾಟಿ ಹರಿಹರದ ಬಳಿ ತುಂಗಭದ್ರೆಯ ಸೇತುವೆಯ ಮೇಲೆ ಸಾಗುವಾಗ ಆಕೆ ಎಂದಿನಂತೆ ಕೈಮುಗಿದಳು. ತುಂಗಭದ್ರೆಯನ್ನು ದಾಟುವುದೇ ಪರದೇಶಕ್ಕೆ ಹೋದಂತೆ ಎಂದು ತಿಳಿದಿದ್ದ ಅಜ್ಜಿಯಂದಿರ ಮೊಮ್ಮಕ್ಕಳು ನಾವು.

ವಿಮಾನ ಹೊರಟದ್ದು ರಾತ್ರಿ. ಟಿಕೆಟಿನ ಜೊತೆಗೆ ಮಗನು ‘ಜೈನ ಊಟ’ವನ್ನೂ ಕಾದಿರಿಸಿದ್ದನು. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗೆಣಸು ಯಾವುದೂ ಇಲ್ಲದ ಆ ಊಟವನ್ನು ಗಗನಸಖಿಯು ಬಹಳ ಗೌರವದಿಂದ, ಹೆಸರು ಕೂಗಿ, ಎಲ್ಲರಿಗಿಂತ ಮೊದಲು ತಂದುಕೊಟ್ಟಳು. ಆಗ ನಡುರಾತ್ರಿ. ನಾವಿಬ್ಬರೂ ಮುಖ ಮುಖ ನೋಡಿಕೊಂಡು ಹಿಂದಿರುಗಿಸಿದೆವು. ಪದಾರ್ಥಗಳ ಪಟ್ಟಿಯೊಂದನ್ನೇ ಧರ್ಮವೆಂದು ಲೋಕಕ್ಕೆ ತಿಳಿಸಿಕೊಟ್ಟವರು ನಾವೇ ಅಲ್ಲವೆ? ಪಾಪ, ಆ ಹುಡುಗಿಯದೇನು ತಪ್ಪು?

ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಮುಂದೆ. ನಾವು ಇಳಿದಾಗ ಅಲ್ಲಿ ಬೆಳಗಾಗುತ್ತಿತ್ತು. ವಸತಿಗೃಹದಲ್ಲಿ ಕೋಣೆ ಸಿಗುವುದು ಮಧ್ಯಾಹ್ನದ ಬಳಿಕವೆಂದು ತಿಳಿಯಿತು. ನಮ್ಮನ್ನು ಕರೆದೊಯ್ದು ಊರು ತೋರಿಸುವವನು ಬರುವುದು ಮರುದಿನ. ಹೀಗಾಗಿ ಮೊದಲ ದಿನ ಪೂರ್ತಿಯಾಗಿ ನಮ್ಮದೇ ಆಯಿತು. ಪ್ರಭಾತದ ಜಪವನ್ನು ಆಕೆ ವಸತಿಗೃಹದ ಮೊಗಸಾಲೆಯ ಮೆತ್ತನೆಯ ಕುರ್ಚಿಯಲ್ಲೇ ಮುಗಿಸಿದಳು. ಆ ದೇಶದಲ್ಲಿ ನಲ್ಲಿಯ ನೀರನ್ನು ಹಾಗೆಯೇ ಕುಡಿಯಬಹುದು. ಆಕೆ ಅದನ್ನೂ ಅರಿವೆಯಲ್ಲಿ ಸೋಸಿಯೇ ಕುಡಿದಳು. ಮನೆಯಿಂದ ತಂದಿದ್ದ ಮೆಂತ್ಯದ ದಶಮಿ, ಶೇಂಗಾ ಚಟ್ನಿಯ ಪುಡಿಯಿಂದ ಫಲಾಹಾರವಾಯಿತು.

ಬಳಿಕ ಸೆರಂಗೂನ್ ರಸ್ತೆಯುದ್ದಕ್ಕೂ ನಡೆದೆವು. ಮಲ್ಲಿಗೆಯ ಮಾಲೆ, ತಮಿಳು ಫಲಕಗಳು, ಅಮ್ಮನವರ ಗೋಪುರ, 1947ರಿಂದ ನಡೆದುಬಂದ ಕೋಮಲ ವಿಲಾಸವೆಂಬ ಶಾಕಾಹಾರಿ ಹೋಟೆಲು. ಪರದೇಶವೆಂಬ ಭಾವನೆಯೇ ಬಾರದು. ದಿನಸಿ ಅಂಗಡಿಯೊಂದರ ಮುಂದೆ ನನ್ನ ಕಾಲು ತಾನಾಗಿ ನಿಂತಿತು. ಗೋಣಿಯಲ್ಲಿ ಒಣಮೆಣಸಿನಕಾಯಿ. ಮೈಯೆಲ್ಲ ಸುಕ್ಕು, ಕಡುಗೆಂಪು. ನಲವತ್ತು ವರ್ಷ ಕೈಯಾಡಿಸಿದ ಮಾಲನ್ನು ಗುರುತಿಸಲು ಫಲಕ ಓದಬೇಕಾಗಿರಲಿಲ್ಲ. ಅದು ನಮ್ಮ ಪೇಟೆಯದೇ. ಆಕೆ ನಗುತ್ತ, “ನಮ್ಮಕಿಂತ ಮೊದಲ ಇವು ಬಂದು ಕುಂತಾವ ನೋಡ್ರೀ” ಎಂದಳು. ನಾನೂ ನಕ್ಕೆ. ತಂದೆಯವರ ತಕ್ಕಡಿಯೂ ನೆನಪಾಯಿತು. ಅದನ್ನು ಮಾತ್ರ ಹೇಳಲಿಲ್ಲ.

ಆ ನಗರದ ಸ್ವಚ್ಛತೆಯನ್ನು ಕಂಡು ನಮ್ಮವರು ಬಾಯ್ತುಂಬ ಹೊಗಳುತ್ತಾರೆ, ಹೊಗಳಬೇಕಾದದ್ದೇ. ವಾಹನವೊಂದೂ ಇಲ್ಲದ ರಸ್ತೆಯಲ್ಲಿ ಹಸಿರು ದೀಪಕ್ಕಾಗಿ ಕಾದು ನಿಂತ ಜನರನ್ನು ಕಂಡೆವು. ಕಸ ಎಸೆದರೆ ದಂಡ, ಉಗುಳಿದರೆ ದಂಡ. 1992ರಿಂದ ಅಗಿಯುವ ಗಮ್ಮನ್ನು ದೇಶದೊಳಗೆ ತರುವುದಕ್ಕೇ ನಿಷೇಧ. ದಂಡದ ಭಯದಿಂದ ಬಂದ ಶುಚಿತ್ವ ಶುಚಿತ್ವವೇ ಅಲ್ಲವೆಂದು ನಾನು ದಾರಿಯಲ್ಲಿ ಆಕೆಗೆ ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ವ್ರತವೆಂದರೆ ಒಳಗಿನಿಂದ ಬರಬೇಕು, ನೋಡುವವರಿಲ್ಲದಾಗಲೂ ಇರಬೇಕು ಎಂದೆಲ್ಲ ಹೇಳಿದೆ. ಬಾಳೆಹಣ್ಣಿನ ಸಿಪ್ಪೆಯನ್ನು ಕೈಯಲ್ಲಿ ಹಿಡಿದು ಕಸದ ತೊಟ್ಟಿಯನ್ನು ಹುಡುಕುತ್ತಿದ್ದ ಆಕೆ ಹೂಂಗುಟ್ಟಿದಳು. ನೆಲದಡಿಯ ರೈಲಿಗೆ ಇಳಿಯುವ ಚಲಿಸುವ ಮೆಟ್ಟಿಲುಗಳ ಮೇಲೆ, ದಿಗ್ವ್ರತದ ಅತಿಚಾರಗಳಲ್ಲಿ ಮೇಲಕ್ಕೆ ಎಲ್ಲೆ ಮೀರುವುದು, ಕೆಳಕ್ಕೆ ಮೀರುವುದು, ಅಡ್ಡಕ್ಕೆ ಮೀರುವುದು ಎಂದು ಮೂರು ಬಗೆಗಳಿರುವುದನ್ನು ಹೇಳಿ, ನಾವು ಇಪ್ಪತ್ತನಾಲ್ಕು ತಾಸುಗಳಲ್ಲಿ ಮೂರನ್ನೂ ಮುಗಿಸಿದೆವೆಂದು ವಿನೋದ ಮಾಡಿದೆ. ವ್ರತವನ್ನೇ ತೆಗೆದುಕೊಳ್ಳದವನಿಗೆ ಅತಿಚಾರವೆಲ್ಲಿಯದು ಎಂದಳು.

ನದಿಯ ದಂಡೆಯಲ್ಲಿ ಸಿಂಹದ ಮುಖವೂ ಮೀನಿನ ಮೈಯೂ ಉಳ್ಳ ಆ ಪ್ರಸಿದ್ಧ ಪ್ರತಿಮೆಯನ್ನು ಕಂಡು, ಬಿಸಿಲಿಗೆ ಬಸವಳಿದು ಮಧ್ಯಾಹ್ನ ವಸತಿಗೃಹಕ್ಕೆ ಮರಳಿದೆವು. ಕೋಣೆ ದೊರೆಯಿತು. ಆರು ಗಂಟೆಗೆ ಎದ್ದು ಊಟ ಮುಗಿಸಬೇಕೆಂದು ಮಾತಾಡಿಕೊಂಡು ಮಲಗಿದೆವು. ಹಿಂದಿನ ರಾತ್ರಿ ಕಣ್ಣು ಮುಚ್ಚಿದವರಲ್ಲ. ಎಚ್ಚರವಾದಾಗ ಕಿಟಕಿಯಾಚೆ ದೀಪಗಳು ಹತ್ತಿದ್ದವು. ಗೋಡೆಯ ಗಡಿಯಾರದಲ್ಲಿ ಏಳು ಗಂಟೆ ಇಪ್ಪತ್ತು ನಿಮಿಷ. ಭೂಮಧ್ಯರೇಖೆಗೆ ಅಂಟಿಕೊಂಡಂತಿರುವ ಆ ನಾಡಿನಲ್ಲಿ ವರ್ಷವಿಡೀ ಸೂರ್ಯಾಸ್ತ ಏಳರ ಆಸುಪಾಸಿನಲ್ಲೇ. ನಮ್ಮಲ್ಲಿಯಂತೆ ಸಂಜೆಗೆಂಪು ಬಹಳ ಹೊತ್ತು ನಿಲ್ಲುವುದೂ ಇಲ್ಲ.

ಆಕೆ ಒಂದು ನಿಟ್ಟುಸಿರು ಬಿಟ್ಟು, ಕೈಕಾಲು ತೊಳೆದು, ಸಂಜೆಯ ಪ್ರತಿಕ್ರಮಣಕ್ಕೆ ಕುಳಿತಳು. ನಾನು ನನ್ನ ಕೈಗಡಿಯಾರವನ್ನು ನೋಡಿಕೊಂಡೆ. ಅದನ್ನು ನಾನು ಬದಲಿಸಿರಲಿಲ್ಲ. ಅದರಲ್ಲಿ ಇನ್ನೂ ಹತ್ತು ನಿಮಿಷ ಕಡಿಮೆ ಐದು ಗಂಟೆ. ಹಾವೇರಿಯಲ್ಲಿ ಈಗ ಸುಡುಬಿಸಿಲು. ಮೇ ತಿಂಗಳಿನಲ್ಲಿ ಅಲ್ಲಿ ಹೊತ್ತು ಮುಳುಗಲು ಇನ್ನೂ ಎರಡು ತಾಸು. ನನ್ನ ನಿಯಮವನ್ನು ನಾನು ಸ್ವೀಕರಿಸಿದ್ದು ಆ ಸೂರ್ಯನ ಕೆಳಗೆ. ನನ್ನ ದೇಹಕ್ಕೂ ಗೊತ್ತಿರುವುದು ಆ ಸೂರ್ಯನೇ. ಒಂದೇ ದಿನದಲ್ಲಿ ಅದಕ್ಕೆ ಸಂಜೆಯಾಗುವುದಾದರೂ ಹೇಗೆ? ವಾದವು ಬಹಳ ಅಂದವಾಗಿ ಜೋಡಿಕೊಂಡಿತು. ಬೀದಿಯನ್ನು ನೋಡಿ ಬರುವೆನೆಂದು ಹೇಳಿ ಕೆಳಗಿಳಿದೆ. ಮೂಲೆಯ ಹೋಟೆಲೊಂದರಲ್ಲಿ ಕುಳಿತು ಎರಡು ದೋಸೆ ತಿಂದು ಚಹ ಕುಡಿದೆ.

ಮೇಲೆ ಬಂದ ಸ್ವಲ್ಪ ಹೊತ್ತಿಗೆ ಮಗನ ಫೋನು ಬಂತು. ಪರದೆಯ ಮೇಲೆ ಅವನ ಮುಖ. “ಅಪ್ಪಾ, ಊಟಾ ಆತೇನು?” ಎಂದ. “ಆತಪಾ” ಎಂದೆ. ಹೊತ್ತಿಗೆ ಸರಿಯಾಗಿ ಮುಗಿಸಿರಬೇಕೆಂದು ಅವನು ಸಂತೋಷಪಟ್ಟ. ನಾನು ಹೇಳಿದ ಮಾತಿನಲ್ಲಿ ಸುಳ್ಳಿನ ಅಕ್ಷರ ಒಂದೂ ಇರಲಿಲ್ಲ. ಆಕೆ ಮಾತ್ರ ತಲೆಯೆತ್ತಿ ನನ್ನನ್ನು ನೋಡಿದಳು. ಫೋನು ಮುಗಿದ ಮೇಲೆ ಎಲ್ಲವನ್ನೂ ಹೇಳಿದೆ; ಗಡಿಯಾರದ ವಾದವನ್ನೂ ಹೇಳಿದೆ. ಆಕೆ ಜಗಳಾಡಲಿಲ್ಲ. “ಗಡಿಯಾರ ಹಾವೇರಿದಿರಬಹುದ್ರೀ. ದೀಪಕ್ಕ ಬರೂ ಹುಳಾ ಹಾವೇರಿವಲ್ಲಲಾ” ಎಂದು ಹೇಳಿ ಮಲಗಿದಳು.

ಈ ಒಂದು ಮಾತನ್ನು ನಾನು ಈ ವರ್ಷಗಳಲ್ಲಿ ಎಷ್ಟು ಬಾರಿ ಮಗುಚಿ ನೋಡಿದ್ದೇನೋ! ರಾತ್ರಿಭೋಜನವನ್ನು ಬಿಟ್ಟ ಶ್ರಾವಕನ ಲಕ್ಷಣವನ್ನು ಹೇಳುವಾಗ ಸಮಂತಭದ್ರರು ಅವನ ಮನಸ್ಸು ಜೀವಿಗಳ ಮೇಲಿನ ಅನುಕಂಪದಿಂದ ಕೂಡಿರುತ್ತದೆಂದು ಹೇಳುತ್ತಾರೆ. ಗಡಿಯಾರದ ಮಾತು ಅಲ್ಲಿಲ್ಲ. ಅನುಕಂಪವೆಂದ ಮೇಲೆ ಅದರ ಲೆಕ್ಕ ನಡೆಯಬೇಕಾದದ್ದು ಜೀವಿಯಿರುವ ಸ್ಥಳದಲ್ಲಿ, ನಾನು ಎಲ್ಲಿಯವನೆಂಬುದರ ಮೇಲೆ ಅಲ್ಲ. ದಿಗ್ವ್ರತದ ಮರ್ಮವೂ ನನಗೆ ಆಗಲೇ ಹೊಳೆದದ್ದು. ಎಲ್ಲೆಯ ಆಚೆಗೆ ಹೋಗದಿರುವವನಿಗೆ ಅಲ್ಲಿಯ ಜೀವಿಗಳ ಭಾರವಿಲ್ಲ. ಎಲ್ಲೆಯನ್ನು ಹಿಗ್ಗಿಸಿದವನು ಅಲ್ಲಿಯ ಜೀವಿಗಳಿಗೂ ಉತ್ತರ ಕೊಡಬೇಕಾದವನು. ನಾನು ಸಿಂಗಪುರದ ನೋಟವನ್ನು ಬಯಸಿದೆ, ಸಿಂಗಪುರದ ಸೂರ್ಯನನ್ನು ಬೇಡವೆಂದೆ.

ಆದರೂ ಪ್ರಾಮಾಣಿಕನಾಗಿ ಹೇಳಬೇಕೆಂದರೆ ಆಕೆಯ ಮಾತಿಗೆ ನನ್ನಲ್ಲಿ ಉತ್ತರವಿತ್ತು. ನಾನು ದೋಸೆ ತಿಂದ ಹೋಟೆಲು ಗಾಜಿನಿಂದ ಮುಚ್ಚಿದ, ತಂಪುಗಾಳಿಯ ಯಂತ್ರವಿದ್ದ ಕೋಣೆ. ಹಗಲಿನಂಥ ಬೆಳಕು. ಅಲ್ಲಿ ನನ್ನ ಕಣ್ಣಿಗೆ ಒಂದು ಹುಳುವೂ ಬೀಳಲಿಲ್ಲ. ಹಾವೇರಿಯ ನಮ್ಮ ಅಡುಗೆಮನೆಯ ಹಗಲಿಗಿಂತ ಆ ರಾತ್ರಿಯಲ್ಲಿ ಜೀವಹಿಂಸೆ ಕಡಿಮೆಯೇ ಆಗಿದ್ದೀತು. ಇಂದಿನ ತರುಣರು ಕೇಳುವುದೂ ಇದನ್ನೇ: ದೀಪವಿಲ್ಲದ ಕಾಲದ ನಿಯಮ ವಿದ್ಯುತ್ತಿನ ಕಾಲಕ್ಕೆ ಏಕೆ? ಇಲ್ಲಿ ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವನ್ನು ನೋಡಬೇಕು. ಅವರು ದೀಪದ ಬೆಳಕಿನಲ್ಲಿ ಉಣ್ಣುವವನ ಮಾತನ್ನೂ ಎತ್ತಿದ್ದಾರೆ. ಅದಕ್ಕಿಂತ ಸ್ವಾರಸ್ಯವಾಗಿ, ಹಗಲೂಟವನ್ನು ಬಿಟ್ಟು ರಾತ್ರಿಯಷ್ಟೇ ಉಂಡರೆ ಹಿಂಸೆ ಸದಾಕಾಲ ಆಗುವುದು ತಪ್ಪುತ್ತದಲ್ಲ ಎಂದು ವಾದಿಸುವ ಒಬ್ಬ ಎದುರಾಳಿಯನ್ನೂ ತಂದು ನಿಲ್ಲಿಸಿದ್ದಾರೆ. ಆ ಎದುರಾಳಿ ನನ್ನಂಥವನೇ. ಅವನ ಕೈಯಲ್ಲೂ ಒಂದು ಬದಲಿಸದ ಗಡಿಯಾರವಿದ್ದಿರಬೇಕು. ಆಚಾರ್ಯರು ಅವನಿಗೆ ಹುಳುಗಳ ಎಣಿಕೆಯಿಂದ ಉತ್ತರ ಕೊಡುವುದಿಲ್ಲ. ರಾತ್ರಿಯ ತುತ್ತಿನಲ್ಲಿ ರಾಗವು ಹೆಚ್ಚೆಂದು ಹೇಳುತ್ತಾರೆ. ರಾಗವೇ ಹಿಂಸೆಯ ಬೇರೆಂಬುದು ಆ ಗ್ರಂಥದ ಉದ್ದಕ್ಕೂ ಹರಿದ ಸೂತ್ರ.

ಇದನ್ನು ನಾನು ಮೊದಲು ಒಪ್ಪುತ್ತಿರಲಿಲ್ಲ. ಹಸಿದವನು ಎರಡು ದೋಸೆ ತಿಂದರೆ ಅದರಲ್ಲಿ ಯಾವ ರಾಗ? ಆದರೆ ಆ ಸಂಜೆಯನ್ನು ಮತ್ತೆ ನೆನೆದಾಗ, ಹಸಿವು ನನಗೆ ಅಷ್ಟಾಗಿ ಇರಲಿಲ್ಲವೆಂಬುದು ಗೊತ್ತಾಗುತ್ತದೆ. ಉಪವಾಸ ನನಗೆ ಹೊಸದಲ್ಲ. ಆ ಮೆಟ್ಟಿಲುಗಳನ್ನು ಇಳಿಯುವಾಗ ನನ್ನಲ್ಲಿದ್ದುದು ಬೇರೆಯೇ ಒಂದು ಹಗುರತನ. ಈ ಊರಿನಲ್ಲಿ ನನ್ನನ್ನು ಬಲ್ಲವರು ಯಾರೂ ಇಲ್ಲವೆಂಬ ಹಗುರತನ. ಪರದೇಶದ ಮೊದಲ ದಿನದ ಸುಖದಲ್ಲಿ ದೊಡ್ಡ ಪಾಲು ಇದೇ ಇರಬೇಕು. ಬೀದಿಯ ಅಂದ, ಕಟ್ಟಡಗಳ ಎತ್ತರ ಆಮೇಲಿನವು. ಯಾರ ಕಣ್ಣಿಗೂ ನಾವು ಇಂಥವರೆಂದು ಕಾಣಬೇಕಾಗಿಲ್ಲವೆಂಬುದು ಮೊದಲಿನದು.

ಹಾಗಾದರೆ ನಲವತ್ತು ವರ್ಷ ನನ್ನ ನಿಯಮವನ್ನು ಪಾಲಿಸಿದವರು ಯಾರು? ನಾನೋ, ಬ್ಯಾಡಗಿಯ ಪೇಟೆಯೋ, ಐದು ಗಂಟೆಗೆ ಎಲೆ ಹಾಕುತ್ತಿದ್ದ ರಾಣೇಬೆನ್ನೂರಿನ ಬೀಗರೋ? ಸಿಂಗಪುರದ ಜನ ದಂಡಕ್ಕೆ ಅಂಜಿ ಬೀದಿಯನ್ನು ಶುಚಿಯಾಗಿ ಇರಿಸುತ್ತಾರೆಂದು ಬೆಳಿಗ್ಗೆ ಉಪನ್ಯಾಸ ಕೊಟ್ಟವನು ನಾನೇ. ನೆರೆಯವರ ಮೆಚ್ಚುಗೆಯೆಂಬುದು ಕೂಡ ಒಂದು ಬಗೆಯ ದಂಡಶುಲ್ಕದ ಫಲಕವಲ್ಲವೆ? ಆದರೆ ಇದನ್ನು ಬಹಳ ದೂರ ಎಳೆಯಲೂ ನನಗೆ ಮನಸ್ಸಿಲ್ಲ. ಸಂಘವೆಂಬುದು ಇರುವುದೇ ಒಬ್ಬರ ನಿಯಮಕ್ಕೆ ಇನ್ನೊಬ್ಬರು ಊರೆಯಾಗಲೆಂದು. ‘ನಿಮ್ಮ ಊಟದ ಟೈಮ್ ಆತ್ರೀ’ ಎಂದು ಎಬ್ಬಿಸಿ ಕಳುಹಿಸಿದ ಜೈನೇತರ ಮಿತ್ರನ ಋಣ ಸಣ್ಣದಲ್ಲ. ಊರೆಯನ್ನು ಕಾಲೆಂದು ತಿಳಿದದ್ದು ನನ್ನ ತಪ್ಪು.

ಇನ್ನೊಂದು ಪ್ರಶ್ನೆಯೂ ಉಳಿಯುತ್ತದೆ. ಹೋದದ್ದೇ ತಪ್ಪೋ? ಅನರ್ಥದಂಡದ ಭೇದವಾದ ಪ್ರಮಾದಚರ್ಯೆಯಲ್ಲಿ ಸಮಂತಭದ್ರರು ನಿಷ್ಫಲವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕೀಳುವುದು ಮುಂತಾದವುಗಳ ಜೊತೆಗೆ ಗುರಿಯಿಲ್ಲದ ತಿರುಗಾಟವನ್ನೂ, ಇತರರನ್ನು ಹಾಗೆ ತಿರುಗಾಡಿಸುವುದನ್ನೂ ಸೇರಿಸಿದ್ದಾರೆ. 1893ರಲ್ಲಿ ವೀರಚಂದ ರಾಘವಜಿ ಗಾಂಧಿಯವರು ಚಿಕಾಗೋದ ಸರ್ವಧರ್ಮ ಸಮ್ಮೇಳನಕ್ಕೆ ಹೋದದ್ದು, ಸಾಧುಧರ್ಮದ ಕಟ್ಟಿನಿಂದ ತಾವೇ ಹೋಗಲಾಗದ ಆಚಾರ್ಯ ವಿಜಯಾನಂದಸೂರಿಗಳ ಪ್ರತಿನಿಧಿಯಾಗಿ. ಅಂಥ ಯಾತ್ರೆಯನ್ನೇ ಅಂದಿನ ಸಮಾಜದ ಕೆಲವರು ಸಹಿಸಲಿಲ್ಲ. ನಮ್ಮ ಯಾತ್ರೆಗೆ ಅಂಥ ಯಾವ ಗುರಿಯೂ ಇರಲಿಲ್ಲ. ಒಬ್ಬ ಮಗನಿಗೆ ತಾಯಿತಂದೆಯರ ಮೇಲಿದ್ದ ಪ್ರೀತಿ ಗುರಿಯೆನಿಸಿದರೆ ಅದೊಂದೇ. ಅದು ಗುರಿಯೇ ಎಂದು ನಾನು ನಂಬುತ್ತೇನೆ. ಆಕೆಗೆ ಅಷ್ಟು ಖಾತ್ರಿಯಿಲ್ಲ.

ಸೂರ್ಯನ ವಿಷಯವೂ ಅಲ್ಲಿಗೆ ಮುಗಿಯುವುದಿಲ್ಲ. ನಮ್ಮ ಸಂಬಂಧಿಗಳ ಮಗಳೊಬ್ಬಳು ಇಂಗ್ಲೆಂಡಿನ ಲೆಸ್ಟರಿನಲ್ಲಿದ್ದಾಳೆ. ಅಲ್ಲಿ 1988ರಲ್ಲಿ ಪ್ರತಿಷ್ಠ���ಯಾದ ಜಿನಾಲಯವಿದೆ. ದಿಗಂಬರ, ಶ್ವೇತಾಂಬರರಿಬ್ಬರಿಗೂ ಒಂದೇ ಸೂರು. ಜೂನ್ ತಿಂಗಳಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೂ ಮೊದಲೇ, ಮಕ್ಕಳು ಶಾಲೆಯಿಂದ ಮನೆ ಸೇರುವ ಹೊತ್ತಿಗೇ ಕತ್ತಲು. ಜೂನಿನಲ್ಲಿ ಎಂಟೂವರೆಗೆ ಉಣ್ಣುವಾಗ ನಿಯಮವನ್ನು ಪಾಲಿಸುತ್ತಿದ್ದೇನೆಂದು ಅನಿಸುವುದೇ ಇಲ್ಲ, ಡಿಸೆಂಬರಿನಲ್ಲಿ ಮಕ್ಕಳ ಮುಖ ನೋಡಿದಾಗ ಪಾಲಿಸಲು ಆಗುವುದಿಲ್ಲ ಎಂದು ಆಕೆ ಹೇಳಿದಳು. ಅಲ್ಲಿಯ ಸೂರ್ಯ, ಅಲ್ಲಿಯ ಜೀವಿ ಎಂದು ನಮ್ಮ ಮನೆಯವಳ ಮಾತನ್ನೇ ಹೇಳಿದೆ. ಇನ್ನೂ ಉತ್ತರಕ್ಕೆ ಹೋದರೆ, ನಾರ್ವೆಯ ಟ್ರಾಮ್ಸೋದಲ್ಲಿ ಮೇ ಮೂರನೆಯ ವಾರದಿಂದ ಜುಲೈ ನಾಲ್ಕನೆಯ ವಾರದವರೆಗೆ ಸೂರ್ಯ ಮುಳುಗುವುದೇ ಇಲ್ಲ. ಅಲ್ಲಿ ಬೆಳಕಿನ ಲೆಕ್ಕದಿಂದ ಏನೂ ಸಿಗದು. ರಾಗದ ಲೆಕ್ಕವೊಂದೇ ಉಳಿಯುತ್ತದೆ. ಪ್ರಾಯಶಃ ಅದಕ್ಕಾಗಿಯೇ ಅಮೃತಚಂದ್ರರು ಎರಡು ಕಾರಣಗಳನ್ನೂ ಕೊಟ್ಟಿರಬಹುದು.

ನಾವು ಊರಿಗೆ ಮರಳಿದ ಮೇಲೆ ನಡೆದ ಒಂದು ಸಂಗತಿಯನ್ನು ಹೇಳದಿದ್ದರೆ ಈ ಬರಹ ಅರ್ಧ ಸುಳ್ಳಾದೀತು. ಆ ವರ್ಷದ ಪರ್ಯೂಷಣದಲ್ಲಿ ಬಸದಿಯೊಂದರ ಟ್ರಸ್ಟಿನವರು ನನ್ನನ್ನು ಕರೆದು, ಪರದೇಶಕ್ಕೆ ಹೋದರೂ ಆಚಾರವನ್ನು ಬಿಡದ ಹಿರಿಯರೆಂದು ಪರಿಚಯಿಸಿ, ತರುಣರಿಗೆ ನಾಲ್ಕು ಮಾತು ಹೇಳಬೇಕೆಂದು ಕೇಳಿಕೊಂಡರು. ಶಾಲು ಹೊದಿಸಿದರು. ನಾನು ಮಾತಾಡಿದೆ. ವಿಮಾನದಲ್ಲಿ ಹಿಂದಿರುಗಿಸಿದ ಊಟದ ಕತೆಯನ್ನು ಹೇಳಿದೆ. ಸಭೆ ಚಪ್ಪಾಳೆ ತಟ್ಟಿತು. ದೋಸೆಯ ಕತೆಯನ್ನು ಹೇಳಲಿಲ್ಲ. ಶ್ರಾವಿಕೆಯರ ಸಾಲಿನಲ್ಲಿ ಆಕೆ ಕುಳಿತಿದ್ದಳು. ಮನೆಗೆ ಬಂದು ಶಾಲನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟಳು, ಏನೂ ಅನ್ನಲಿಲ್ಲ. ಸಿಂಗಪುರದ ರಾತ್ರಿಗಿಂತ ಆ ಹಗಲು ನನಗೆ ಹೆಚ್ಚು ಭಾರವಾಗಿದೆ. ಅಲ್ಲಿ ನನ್ನನ್ನು ಬಲ್ಲವರಿಲ್ಲವೆಂದು ಒಂದು ನೆಪವಾದರೂ ಇತ್ತು.

ಬಳಿಕ ಒಂದು ಚಾತುರ್ಮಾಸದಲ್ಲಿ ಮುನಿಮಹಾರಾಜರ ಮುಂದೆ ಎರಡನ್ನೂ ನಿವೇದಿಸಿಕೊಂಡೆ. ಅವರು ದೋಸೆಗೆ ಒಂದು ಉಪವಾಸ ಹೇಳಿದರು, ಶಾಲಿಗೆ ಮೂರು. ಆಮೇಲೆ ನಗುತ್ತ, ಇನ್ನಾದರೂ ನಿಮ್ಮ ತಂದೆಯವರಂತೆ ದಿಕ್ಕುಗಳಿಗೆ ಎಲ್ಲೆ ಇರಿಸಿಕೊಳ್ಳಬಾರದೇ ಎಂದು ಕೇಳಿದರು. ಉತ್ತರಕ್ಕೆ ಹಸ್ತಿನಾಪುರ, ಪಶ್ಚಿಮಕ್ಕೆ ಗಿರನಾರ, ದಕ್ಷಿಣಕ್ಕೆ ಪೊನ್ನೂರು ಎಂದು ಅಲ್ಲೇ ಒಪ್ಪಿಕೊಂಡೆ. ಪೂರ್ವಕ್ಕೆ ಮಾತ್ರ ಸ್ವಲ್ಪ ಕಾಲಾವಕಾಶ ಬೇಡಿದ್ದೇನೆ. ಮಗನಿಗೆ ಜಪಾನಿನಲ್ಲಿ ಕೆಲಸವಾಗುವ ಮಾತು ನಡೆದಿದೆ. ಆಕೆಗೆ ಮೊಮ್ಮಗನನ್ನು ಬಿಟ್ಟಿರುವುದು ಆಗದು.